ಧರ್ಮತಾಯಿ ಬರುವವರೆಗೆ

ನಮ್ಮ ದ್ವೀಪದ ವಿಂಡ್‌ವರ್ಡ್ ಊರಿನಲ್ಲಿ ಹೊಸ ದೋಣಿ ನೀರಿಗಿಳಿಯಬೇಕಾದರೆ ಅದಕ್ಕೊಬ್ಬ ಧರ್ಮತಾಯಿ ಇರಲೇಬೇಕು. ದೋಣಿಯ ಮೇಲೆ ಬರೆದ ಹೆಸರನ್ನು ಮುಚ್ಚಿದ ಬಟ್ಟೆಯನ್ನು ಅವಳು ಸರಿಸಿ, ಹಲಗೆಗೆ ರಮ್ ಚಿಮುಕಿಸಿ, ಆ ಹೆಸರನ್ನು ಗಟ್ಟಿಯಾಗಿ ಕೂಗುವ ತನಕ ದೋಣಿಯನ್ನು ಎತ್ತಿಹಿಡಿದಿರುವ ಆನಿಕೆಯ ಕಂಬಗಳಿಗೆ ಯಾರೂ ಕೊಡಲಿ ತಾಗಿಸುವುದಿಲ್ಲ.

ನನ್ನ ಅಣ್ಣ ಬೆನ್ರಿಕ್ ಸ್ವಂತವಾಗಿ ಕಟ್ಟಿದ ಮೊದಲ ದೋಣಿ ಅಂದು ಮರಳಿನ ಮೇಲೆ ಸಿದ್ಧವಾಗಿ ನಿಂತಿತ್ತು. ಪಾದ್ರಿಯ ಪ್ರಾರ್ಥನೆ ಮುಗಿದಿತ್ತು. ಕಡಾಯಿಗಳಲ್ಲಿ ಮೇಕೆಮಾಂಸ ಬೇಯುತ್ತಿತ್ತು. ಡೋಲಿನವರು ಚರ್ಮ ಕಾಯಿಸಿಕೊಂಡು ಕಾಯುತ್ತಿದ್ದರು. ಬಾರದೆ ಉಳಿದವಳು ಧರ್ಮತಾಯಿಯೊಬ್ಬಳೇ.

ಆಕೆ ಸೋಲ್ವೈ, ನಾರ್ವೆಯವಳು. ತಲೆ ಪೂರ್ತಿ ನರೆತ ಮೇಲೂ ತನ್ನ ಪುಟ್ಟ ಹಾಯಿದೋಣಿಯಲ್ಲಿ ಒಬ್ಬಳೇ ದ್ವೀಪದಿಂದ ದ್ವೀಪಕ್ಕೆ ಸಾಗುವವಳು. ಹಿಂದಿನ ವರ್ಷ ಹವಳದ ದಿಬ್ಬಕ್ಕೆ ಬಡಿದು ಚುಕ್ಕಾಣಿ ಮುರಿದುಕೊಂಡು ನಮ್ಮ ದಡ ಸೇರಿದ್ದಳು. ಬೆನ್ರಿಕ್ ಬಿಳಿ ಸೀಡರ್ ಮರದಲ್ಲಿ ಹೊಸದನ್ನು ಕಡೆದುಕೊಟ್ಟ. ಅದು ಹಳೆಯದಕ್ಕಿಂತ ಒಂದು ಗೇಣು ಅಗಲವಾಗಿತ್ತು. ನಮ್ಮೂರ ದೋಣಿಗಳ ಚುಕ್ಕಾಣಿಯೇ ಹಾಗೆ. ಹೊರಡುವ ದಿನ ಆಕೆ, ಈ ದೋಣಿಗಾಗಿ ಅಣ್ಣ ಆಗಷ್ಟೇ ಇಟ್ಟಿದ್ದ ಅಡಿಮರವನ್ನು ಸವರಿ, "ಇದು ನೀರಿಗಿಳಿಯೋ ದಿನ ನಾನಿಲ್ಲಿ ಇರ್ತೀನಿ" ಎಂದಿದ್ದಳು. ಅಷ್ಟೇ ಮಾತಿನ ಮೇಲೆ ಅಣ್ಣ ಆಕೆಯನ್ನು ಧರ್ಮತಾಯಿ ಎಂದು ನಿಶ್ಚಯಿಸಿ ಊರಿಗೆಲ್ಲ ಸಾರಿದ. ದಿನ ತಿಳಿಸಿ ಕಳುಹಿಸಿದ ಸಂದೇಶಕ್ಕೆ ಮಾತ್ರ ಉತ್ತರ ಬಂದಿರಲಿಲ್ಲ.

"ಹಾಯಿದೋಣಿಯವರು ಪ್ರತಿ ದ್ವೀಪದಲ್ಲೂ ಹಾಗೇ ಹೇಳ್ತಾರೆ ಕಣೋ," ಎಂದರು ಊರಿನ ಹಿರಿಯ ದೋಣಿಗಾರ ಮೊಸಾಯ ಮಾವ. "ಮುಂದಿನ ದ್ವೀಪದಲ್ಲಿ ಒಳ್ಳೇ ನಿಂಬೆಹಣ್ಣು ಸಿಕ್ಕಿದ್ರೆ ಸಾಕು, ನಿನ್ನ ಮುಖಾನೂ ನೆನಪಿರಲ್ಲ."

"ಅವರು ಹಾಗಲ್ಲ, ಮಾವ."

"ಅಲ್ದಿದ್ರೆ ಎಲ್ಲಿ? ಅಷ್ಟು ಚಿಕ್ಕ ದೋಣಿಗೆ ಬಾಗಿಲಿನಷ್ಟು ಚುಕ್ಕಾಣಿ ತಗಲಿಸಿ ಕಳಿಸಿದೀಯ. ಪಾಪ, ಆಯಮ್ಮ ಇನ್ನೂ ಅದನ್ನ ತಿರುಗಿಸ್ತಾನೇ ಇರ್ಬೇಕು!"

ಹಗ್ಗ ಹಿಡಿದು ಕುಳಿತಿದ್ದವರೆಲ್ಲ ನಕ್ಕರು. ಟ್ಯಾಂಟಿ ಮರ್ಲಿಟಾ, ನಮ್ಮ ಅಮ್ಮನ ತಂಗಿ, ತನ್ನ ಹಳದಿ ಟೋಪಿಯನ್ನು ಸರಿಪಡಿಸಿಕೊಂಡಳು.

"ನಾನೇನೂ ಆಸೆಪಡ್ತಿಲ್ಲಪ್ಪ. ಆದ್ರೆ ಬಟ್ಟೆ ಎಳೆಯೋಕೆ ನನಗೂ ಎರಡು ಕೈ ಇದೆ. ಟೋಪೀನೂ ಇದೆ."

ಅಣ್ಣ ಸಮುದ್ರದ ಕಡೆ ತಿರುಗಿದ. ಧರ್ಮತಾಯಿಯನ್ನು ಬದಲಿಸಿದರೆ ತಾನು ನಂಬಿದ್ದು ಬರೀ ಗಾಳಿಮಾತು ಎಂದು ಊರ ಮುಂದೆ ಒಪ್ಪಿಕೊಂಡಂತೆ. ಬದಲಿಸದಿದ್ದರೆ ಉಬ್ಬರ ಕೈತಪ್ಪುತ್ತದೆ. ನೀರು ಹಿಂದೆ ಸರಿದ ಮೇಲೆ ಎಳೆದರೆ ದೋಣಿ ಅರ್ಧ ದಾರಿಯಲ್ಲಿ ಮರಳಿಗೆ ಕಚ್ಚಿಕೊಂಡು ಅಲೆಗಳ ಹೊಡೆತಕ್ಕೆ ಸಿಕ್ಕುತ್ತದೆ. ನೀರಿನಲ್ಲಿ ನೆಟ್ಟ ಗುರುತಿನ ಕೋಲನ್ನು ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಅಲೆ ಬಂದು ಹೋದಾಗಲೆಲ್ಲ ತೇವದ ಗೆರೆ ಸ್ವಲ್ಪ ಏರುತ್ತಿತ್ತು, ಆಮೇಲೆ ಏರಲಿಲ್ಲ.

"ನೀರು ನಿಂತಿದೆ, ಅಣ್ಣ," ಎಂದೆ.

ಅವನು ಬಟ್ಟೆಯ ದಾರವನ್ನು ಟ್ಯಾಂಟಿಯ ಕಡೆ ಚಾಚಿದ. ಅವಳು ಕೈ ನೀಡಿದವಳು ಹಾಗೆಯೇ ನಿಂತು ಅವನ ಭುಜದಾಚೆ ನೋಡತೊಡಗಿದಳು.

"ಅದ್ಯಾರ ಹಾಯಿ?"

ಹವಳದ ದಿಬ್ಬದ ಉತ್ತರದ ಕೊನೆಯಲ್ಲಿ ಕಂದುಬಣ್ಣದ ಹಾಯಿಯೊಂದು ವಾಲಿಕೊಂಡು ಬರುತ್ತಿತ್ತು. ಸೋಲ್ವೈಯ ದೋಣಿಯಲ್ಲಿ ಎಂಜಿನ್ ಇಲ್ಲವೆಂಬುದು ನಮಗೆಲ್ಲ ಗೊತ್ತಿತ್ತು. ಒಳಗೆ ಬರುವ ದಾರಿಯೋ ಇಕ್ಕಟ್ಟಾದದ್ದು; ಅಂದಿನ ಗಾಳಿ ಸರಿಯಾಗಿ ಅದರ ಎದುರಿನಿಂದ ಬೀಸುತ್ತಿತ್ತು. ಓರೆಯಾಗಿ ಹೋಗಿ, ದಿಬ್ಬ ತಾಗುವ ಮೊದಲು ತಿರುಗಿ, ಮತ್ತೆ ಓರೆಯಾಗಿ ಬರಬೇಕು. ಒಂದು ತಿರುವು ತಡವಾದರೂ ದೋಣಿ ಹವಳದ ಮೇಲೆ ಹತ್ತುತ್ತದೆ.

ಹಗ್ಗ ಹಿಡಿದಿದ್ದವರೆಲ್ಲ ಎದ್ದು ನಿಂತರು. ಆಕೆ ದಿಬ್ಬದ ಕಂದು ಅಂಚಿನವರೆಗೂ, ನಾವು ಉಸಿರು ಬಿಗಿಹಿಡಿಯುವಷ್ಟು ಹತ್ತಿರಕ್ಕೆ, ದೋಣಿಯನ್ನು ತಂದಳು.

"ತಿರುಗ್ಸು," ಎಂದರು ಮೊಸಾಯ ಮಾವ, ತಮ್ಮಷ್ಟಕ್ಕೇ. "ಈಗ ತಿರುಗ್ಸು ತಾಯಿ... ಈಗ!"

ಹಾಯಿ ಒಮ್ಮೆ ಪಟಪಟನೆ ಬಡಿದು ಇನ್ನೊಂದು ಬದಿಗೆ ತುಂಬಿಕೊಂಡಿತು. ಅಗಲವಾದ ಆ ಚುಕ್ಕಾಣಿ ನೀರನ್ನು ಗಟ್ಟಿಯಾಗಿ ಹಿಡಿದು ದೋಣಿಯನ್ನು ನಿಂತಲ್ಲೇ ತಿರುಗಿಸಿದಂತೆ ತಿರುಗಿಸಿತು. ಮತ್ತೆ ದಿಬ್ಬ, ಮತ್ತೆ ತಿರುವು. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಯಾವ ನಾವಿಕನ ಕೈಯಲ್ಲೂ ಕಂಡಿರಲಿಲ್ಲ. ಹಾಯಿಯ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಚುಕ್ಕಾಣಿಯ ಹಿಡಿಯನ್ನು ಮೊಣಕಾಲಿನಿಂದ ಒತ್ತಿಹಿಡಿದಿದ್ದ ಆಕೆಯ ಮುಖದಲ್ಲಿ ಗಾಬರಿಯ ಸುಳಿವೇ ಇರಲಿಲ್ಲ.

ಲಂಗರು ಇಳಿಸಿ, ಸಣ್ಣ ತೆಪ್ಪದಲ್ಲಿ ಹುಟ್ಟು ಹಾಕುತ್ತ ಆಕೆ ದಡಕ್ಕೆ ಬಂದಳು, ಸೊಂಟದವರೆಗೂ ಒದ್ದೆ.

"ತಡ ಆಯ್ತಾ? ದಾರೀಲಿ ಗಾಳಿ ಬಿದ್ದುಹೋಯ್ತು."

"ಇಲ್ಲ," ಎಂದ ಬೆನ್ರಿಕ್. ದಾರವನ್ನು ಆಕೆಯ ಕೈಗಿತ್ತ.

"ನಾನಾ? ಬರೀ ನೋಡೋಕೆ ಬಂದೆ ಕಣಪ್ಪ!"

"ನೋಡೋಕೆ ಊರಿಗೆ ಊರೇ ಇದೆ," ಎಂದಳು ಟ್ಯಾಂಟಿ. ತನ್ನ ಹಳದಿ ಟೋಪಿ ತೆಗೆದು ಆಕೆಯ ಒದ್ದೆ ತಲೆಯ ಮೇಲಿಟ್ಟಳು. "ಧರ್ಮತಾಯಿ ಬರಿದಲೇಲಿ ನಿಲ್ಲಬಾರ್ದು. ಬೇಗ ಎಳಿ, ನೀರು ಕಾಯಲ್ಲ."

ಬಟ್ಟೆ ಸರಿಯಿತು. ನಮ್ಮ ತೀರಿಹೋದ ಅಮ್ಮನ ಹೆಸರನ್ನು, 'ಎಡ್ಲಿನ್' ಎಂದು, ಸೋಲ್ವೈ ಗಾಳಿಯನ್ನೂ ಮೀರಿಸಿ ಕೂಗಿದಳು. ಡೋಲು ಮೊರೆಯಿತು. ಒಂದು ಬದಿಯ ಕಂಬಗಳಿಗೆ ಕೊಡಲಿ ಬಿದ್ದಂತೆ ದೋಣಿ ಮೆಲ್ಲನೆ ವಾಲಿ ಪಕ್ಕೆಯ ಮೇಲೆ ಮಲಗಿತು. ಉರುಳುಗಂಬಗಳ ಮೇಲೆ ಅದನ್ನು ಎಳೆಯುವಾಗ ಮೊಸಾಯ ಮಾವನ ಹಿಂದೆಯೇ ಹಳದಿ ಟೋಪಿಯೂ ಹಗ್ಗಕ್ಕೆ ಜೋತುಬಿದ್ದಿತ್ತು. ಕಡೆಯ ಎಳೆತಕ್ಕೆ ಎಡ್ಲಿನ್ ನೀರು ಸೇರಿ, ತಾನಾಗಿಯೇ ನೆಟ್ಟಗಾಗಿ ತೇಲಿತು.

ಊಟಕ್ಕೆ ಮೊದಲ ತಟ್ಟೆಯನ್ನು ಸೋಲ್ವೈಗೆ ಮೊಸಾಯ ಮಾವನೇ ತಂದರು: ಜೋಳದ ಮುದ್ದೆ, ಮೇಕೆಯ ಒಳ್ಳೆಯ ತುಂಡು.

"ಚುಕ್ಕಾಣಿ ಭಾರ ಆಗಲ್ವಾ?"

"ಮೊದಲು ಆಗ್ತಿತ್ತು. ಈಗ ಅದಿಲ್ದೆ ಆಗಲ್ಲ."

ಮಾವ ತಲೆಯಾಡಿಸಿದರು. "ಮುಂದಿನ ವರ್ಷ ನಂದೊಂದು ದೋಣಿ ಇಳಿಯುತ್ತೆ. ಬರ್ತೀಯೇನಮ್ಮ?"

"ಗಾಳಿ ಬರೋಕೆ ಬಿಟ್ರೆ ಬರ್ತೀನಿ."

ಮಾವ ಬೆನ್ರಿಕ್‌ನ ಕಡೆ ತಿರುಗಿ ಗದರಿಸುವಂತೆ ಅಂದರು: "ಕೇಳಿಸ್ತೇನೋ? ಬರ್ತಾಳಂತೆ."