ಹನ್ನೊಂದು ಎಣಿಸುವಷ್ಟರಲ್ಲಿ

“ಅಪ್ಪ, ಅಲ್ಲಾಡಬೇಡ. ಬೆಳಕು ಮುಖದ ಮೇಲೇ ಬೀಳಬೇಕು.”

ಅಪ್ಪನ ಪಾತ್ರದ ನಟನಿಗೆ ಹಲ್ಲುನೋವು, ತಾಲೀಮಿಗೆ ಬಂದಿರಲಿಲ್ಲ. ಅದೇ ಹೊತ್ತಿಗೆ ನಿರ್ದೇಶಕ ಸ್ವಿಲೆನ್‌ನ ಸ್ವಂತ ಅಪ್ಪ ಗಾಂಚೊ ಕರೀ ಕೋಟು ತೊಟ್ಟು, ಕೈಯಲ್ಲೊಂದು ಡಬ್ಬಿ ಹಿಡಿದು ರೂಸೆ ಪಟ್ಟಣದ ರಂಗಮಂದಿರಕ್ಕೆ ಬಂದಿದ್ದ. ಯಾಕೆ ಬಂದೆ ಎಂದು ಸ್ವಿಲೆನ್ ಕೇಳಲಿಲ್ಲ. ಕರೆತಂದು ರಂಗದ ಕುರ್ಚಿಯಲ್ಲಿ ಕೂರಿಸಿದ.

ನಾಟಕದಲ್ಲಿ ಒಂದು ಉದ್ದದ ಮೇಜು. ಒಂದು ತುದಿಗೆ ಅಪ್ಪ, ಹಳದಿ ಬೆಳಕಿನಲ್ಲಿ. ಮಗನಿಗೆ ಕುರ್ಚಿಯೇ ಇಲ್ಲ. ಅವನು ಮಾತಾಡಿದಂತೆಲ್ಲ ಅಪ್ಪನ ಮೇಲಿನ ಹಳದಿ ಸೋರಿಹೋಗಬೇಕು. ಎರಡು ತಲೆಮಾರಿನ ಜಗಳಕ್ಕೆ ಮಾತು ಯಾಕೆ, ಬೆಳಕು ಸಾಕು ಎಂದು ಸ್ವಿಲೆನ್ ಪತ್ರಿಕೆಯವರಿಗೆ ಹೇಳಿದ್ದ. ಹೇಳಿದ ಮೇಲೆ ಅದು ತನಗೂ ನಿಜವೆನಿಸಿತ್ತು.

ಮಗನ ಮಾತನ್ನು ಸಭಾಂಗಣದ ಕತ್ತಲಲ್ಲಿ ಕೂತು ತಾನೇ ಓದಿದ.

“ಈ ಮನೇಲಿ ನನ್ನ ಮಾತು ಯಾರೂ ಕೇಳಲಿಲ್ಲ.”

“ಯಾವಾಗ ಹೇಳಿದ್ಯೋ?” ಎಂದ ಗಾಂಚೊ.

ದೀಪ ನೋಡಿಕೊಳ್ಳುವ ಟೆಮೆನೂಗಾ ಕಿಸಕ್ಕನೆ ನಕ್ಕಳು.

“ಅಪ್ಪ, ಇಲ್ಲಿ ನಿನಗೆ ಮಾತಿಲ್ಲ.”

“ಗೊತ್ತು ಬಿಡು. ನಲವತ್ತು ವರ್ಷ ರೈಲು ಓಡಿಸ್ದೋನಿಗೆ ಕೆಂಪು ದೀಪ ಗೊತ್ತಾಗಲ್ವೇ?”

ಎರಡನೇ ಸಲ ಬೆಳಕು ಬೇಗ ಆರಿತು. ಮೂರನೇ ಸಲ ತೀರಾ ತಡವಾಯಿತು. ದೀಪ ತಿರುಗಿಸಲು ರಂಗಕ್ಕೆ ಬಂದ ಟೆಮೆನೂಗಾ ಡಬ್ಬಿಯೊಳಗೆ ಇಣುಕಿದಳು.

“ಬೇಯಿಸಿದ ಗೋಧಿ, ಸಕ್ಕರೆ... ಯಾರ ತಿಥಿ, ತಾತ?”

“ನನ್ನವಳದು. ಇವತ್ತಿಗೆ ಮೂರು ವರ್ಷ. ಹನ್ನೆರಡಕ್ಕೆ ಪಾದ್ರಿ ಸಮಾಧಿ ಹತ್ರ ಬರ್ತಾರೆ. ಇವನನ್ನ ಕರ್ಕೊಂಡು ಹೋಗೋಣ ಅಂತ...”

ಸ್ವಿಲೆನ್ ಕೇಳಿಸಿಕೊಂಡ. ಅಮ್ಮನ ಹೆಸರು ಗಂಟಲವರೆಗೆ ಬಂತು. ಬಾಯಿಂದ ಬಂದದ್ದು, “ಇನ್ನೊಂದೇ ಸಲ.”

ಈ ಸಲ ಗಾಂಚೊ ಡಬ್ಬಿಯ ಮುಚ್ಚಳ ಹಾಕಿ ಹಿಡಿದು ಕೂತ. ಹನ್ನೊಂದು ಎಣಿಸುವಷ್ಟರಲ್ಲಿ ಹಣೆ, ಮೂಗು, ಕೊನೆಗೆ ಡಬ್ಬಿ ಹಿಡಿದ ಕೈ, ಒಂದೊಂದಾಗಿ ಕತ್ತಲಿಗೆ ಹೋದವು. ಸ್ವಿಲೆನ್‌ನ ಕಣ್ಣು ತುಂಬಿತು. ಪ್ರೇಕ್ಷಕರಿಗೂ ಹೀಗೇ ಆದೀತು ಎಂದುಕೊಂಡು, “ಹನ್ನೊಂದು” ಎಂದು ಬರೆದುಕೊಂಡ.

ದೀಪ ಹತ್ತಿದಾಗ ಕುರ್ಚಿ ಖಾಲಿ. ಹಿಂಬಾಗಿಲು ಮುಚ್ಚಿದ ಸದ್ದಾಯಿತು.

“ಓಡಿ, ಇನ್ನೂ ಸಿಕ್ತಾರೆ,” ಎಂದು ಟೆಮೆನೂಗಾ ದೀಪದ ಕೋಣೆಯಿಂದ ಕೂಗಿದಳು.

ಅವನು ರಂಗ ಹತ್ತಿದ. ಹಿಂಬಾಗಿಲಿಗೆ ನಾಲ್ಕೇ ಹೆಜ್ಜೆ. ಕುರ್ಚಿಯ ಬಳಿ ಕಾಲು ನಿಂತಿತು. ಕೂತ.

ಹಳದಿ ಕಣ್ಣಿಗೆ ಹೊಡೆಯಿತು. ಎದುರಿಗೆ ಸಭಾಂಗಣವಿರಲಿಲ್ಲ, ಬರೀ ಕಪ್ಪು. ಇಲ್ಲಿಂದ ಯಾರ ಮುಖವೂ ಕಾಣುತ್ತಿರಲಿಲ್ಲ. ಅಪ್ಪ ಅಷ್ಟು ಹೊತ್ತೂ ಮಾತಾಡಿದ್ದು ಈ ಕಪ್ಪಿನ ಜೊತೆ.

“ಟೆಮೆನೂಗಾ?”

ದೀಪದ ಕೋಣೆಯಲ್ಲಿ ಗುಂಡಿ ತಿರುಗಿದ ಸದ್ದಾಯಿತು. ಬೆಳಕು ಇಳಿಯತೊಡಗಿತು. ಹಣೆಯ ಮೇಲಿನ ಬಿಸಿ ಮೊದಲು ಹೋಯಿತು.