ಎಡಗೈಯ ಗೆರೆ

"ನೀರು ಭಾಳ ಸುಡ್ತಾವ, ತಣ್ಣೀರು ಬೆರಸು," ಎಂದಳು ವೀರಭದ್ರಮ್ಮ. ರೇಣುಕಾ ಬಕೀಟಿಗೆ ತಂಬಿಗೆ ತಣ್ಣೀರು ಸುರಿದು, ಕೈಯಾಡಿಸಿ ನೋಡಿ, ಅವ್ವನ ಹೆಗಲ ಮೇಲೆ ಹೊಯ್ದಳು. ಸತ್ತವಳಿಗೆ ಇನ್ನೆಲ್ಲಿಯ ಸುಡುವುದು ಎಂದು ಅಲ್ಲಿದ್ದ ಯಾರಿಗೂ ಅನ್ನಿಸಲಿಲ್ಲ.

ಕುರುಗೋಡಿನ ಮನೆಯ ಹಿತ್ತಿಲಲ್ಲಿ ಸೀರೆಯ ಮರೆ ಕಟ್ಟಿ, ಹಲಗೆಯ ಮೇಲೆ ಶಿವಬಸಮ್ಮನನ್ನು ಮಲಗಿಸಿದ್ದರು. ಅದು ಅವಳ ತವರುಮನೆ, ಈಗ ತಮ್ಮ ಕೊಟ್ಟೂರಪ್ಪನದು. ಬೆಳಿಗ್ಗೆ ಬಳ್ಳಾರಿಯ ವೃದ್ಧಾಶ್ರಮದಿಂದ ಹೆಣ ತಂದಾಗಿನಿಂದ ಬಂದವರೆಲ್ಲ 'ಆಶ್ರಮ' ಎಂಬ ಮಾತನ್ನು ದನಿ ತಗ್ಗಿಸಿ ಆಡುತ್ತಿದ್ದರು, ಯಾವುದೋ ಕೆಟ್ಟ ರೋಗದ ಹೆಸರಿನ ಹಾಗೆ. ಇದ್ದವಳು ಒಬ್ಬಳೇ ಮಗಳು, ಅದೂ ಸರ್ಕಾರಿ ಬಸ್ಸಿನ ಕಂಡಕ್ಟರು. ಹೆತ್ತವಳನ್ನು ಇಟ್ಟುಕೊಳ್ಳಲಾರದೆ ಹೋದಳು ಎಂಬುದು ಆ ತಗ್ಗಿದ ದನಿಯ ಅರ್ಥ.

ರೇಣುಕಾಳಿಗೆ ಜನರ ಮಾತಿಗಿಂತ ದೊಡ್ಡ ಭಯವೊಂದಿತ್ತು. ಮೈ ತೊಳೆಯುವ ಹೆಂಗಸರ ಕಣ್ಣಿಗೆ ಏನೂ ತಪ್ಪುವುದಿಲ್ಲ. ಬೆನ್ನಿನಲ್ಲಿ ಹುಣ್ಣಿದ್ದರೆ? ಮಗ್ಗುಲಿಗೆ ಹೊರಳಿಸುವಾಗ ಅವಳು ಕಣ್ಣು ಮುಚ್ಚಿಕೊಂಡಳು.

"ಬೆನ್ನು ಸ್ವಚ್ಛ ಐತಿ," ಎಂದಳು ವೀರಭದ್ರಮ್ಮ. ಅವಳು ಶಿವಬಸಮ್ಮನ ತಂಗಿ, ರೇಣುಕಾಳಿಗೆ ಚಿಗವ್ವ. ಆ ದನಿಯಲ್ಲಿ ತುಸು ನಿರಾಸೆಯೂ ಇತ್ತೆಂದರೆ ತಪ್ಪಾಗಲಾರದು. ಉಗುರು ಕತ್ತರಿಸಿದ್ದರು. ಹಿಮ್ಮಡಿಯ ಬಿರುಕಿಗೆ ಎಣ್ಣೆ ಹಚ್ಚಿದ ಜಿಡ್ಡು ಇನ್ನೂ ಇತ್ತು. ರೇಣುಕಾಳ ಎದೆ ಹಗುರಾಯಿತು. ಅವ್ವ ಸತ್ತ ದಿನ ಇಂಥದಕ್ಕೆ ಹಗುರಾಗುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು.

ಅಷ್ಟರಲ್ಲಿ ಚಿಗವ್ವ ಎಡಗೈಯನ್ನು ಎತ್ತಿ ಹಿಡಿದಳು. ಮಣಿಕಟ್ಟಿನ ಸುತ್ತ ಕಪ್ಪಗಿನ ಒಂದು ಗೆರೆ ಇತ್ತು.

"ಕಟ್ಟಿ ಹಾಕ್ಯಾರ," ಎಂದಳು. "ನಮ್ಮಕ್ಕನ್ನ ದನ ಕಟ್ಟಿದಂಗ ಕಟ್ಟ್ಯಾರ. ನೀ ನೋಡಿದ್ದಿಲ್ಲೇನು?"

ನೋಡಿರಲಿಲ್ಲ. ಹೋದಾಗಲೆಲ್ಲ ಅವ್ವ ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿರುತ್ತಿದ್ದಳು. ಚಳಿ ಇರಬೇಕು ಅಂದುಕೊಂಡಿದ್ದಳು ರೇಣುಕಾ. ಬಳ್ಳಾರಿಯಲ್ಲಿ, ಬೇಸಿಗೆಯಲ್ಲಿ, ಚಳಿ.

* * *

ಶಿವಬಸಮ್ಮ ಗಂಡ ಸತ್ತಂದಿನಿಂದ ಮಾಡಿದ್ದು ಒಂದೇ ಕೆಲಸ. ಬಳ್ಳಾರಿಯ ಕಾರ್ಖಾನೆಗಳಲ್ಲಿ ಹೊಲಿದ ಜೀನ್ಸ್ ಪ್ಯಾಂಟುಗಳು ಗಂಟುಗಂಟಾಗಿ ಮನೆಗೆ ಬರುತ್ತಿದ್ದವು. ಹೊಲಿಗೆಯ ತುದಿಗಳಲ್ಲಿ ಉಳಿದ ದಾರಗಳನ್ನು ಕತ್ತರಿಸಿ, ಕೊಡವಿ, ಮಡಿಸಿ, ಬೆಳಗಾಗುವ ಮೊದಲೇ ಕಾರ್ಖಾನೆಗೆ ಹೊತ್ತು ಮುಟ್ಟಿಸಬೇಕು. ಅವಳ ಬೆರಳ ತುದಿಗಳು ಸದಾ ನೀಲಿ. ಅವಳು ತಟ್ಟಿದ ರೊಟ್ಟಿಗೂ ಒಮ್ಮೊಮ್ಮೆ ನೀಲಿ ಹತ್ತುತ್ತಿತ್ತು. ಆ ರೊಟ್ಟಿ ತಿಂದೇ ರೇಣುಕಾ ಓದಿ ನೌಕರಿ ಹಿಡಿದಳು.

ಆಮೇಲೆ ಮರೆವು ಬಂತು. ಮಗಳ ಹೆಸರು ಮರೆಯಿತು, ಉಂಡದ್ದು ಮರೆಯಿತು, ಕೈ ಮಾತ್ರ ಮರೆಯಲಿಲ್ಲ. ಚಾದರ, ಪರದೆ, ಬಂದವರ ಅಂಗಿ, ಎಲ್ಲಿ ಎಳೆ ಕಂಡರೂ ಕೀಳುವುದು. ನಸುಕಿಗೆ ಎದ್ದು, "ಮಾಲು ಮುಟ್ಟಿಸಿ ಬರ್ತೀನಿ," ಎಂದು ಹೊರಟುಬಿಡುವುದು. ಒಂದು ದಿನ ರೇಣುಕಾ ಸಿರುಗುಪ್ಪದ ಮೊದಲ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದಾಗ, ರಸ್ತೆಯ ನಡುವೆ ಲಾರಿಗಳಿಗೆ ಎದುರಾಗಿ ನಡೆದುಬರುತ್ತಿದ್ದ ಮುದುಕಿಯನ್ನು ಕಂಡು ಡ್ರೈವರ್ ಬ್ರೇಕು ಹಾಕಿದ. ಮುದುಕಿ ಅವಳ ಅವ್ವ.

ಆಶ್ರಮ ಹುಡುಕಿದ್ದು ಅದಾದ ಮೇಲೆ. ಮ್ಯಾನೇಜರ್ ಟಿವಿ ತೋರಿಸಿದ, ಕ್ಯಾಮೆರಾ ತೋರಿಸಿದ. ನೆಲದ ಟೈಲ್ಸಿನಲ್ಲಿ ಮುಖ ಕಾಣುತ್ತಿತ್ತು, ಫಿನಾಯಿಲ್ ಘಮಘಮ ಅನ್ನುತ್ತಿತ್ತು. ರೇಣುಕಾ ಅದನ್ನೆಲ್ಲ ನೋಡಿ ಒಪ್ಪಿದಳು. ರಾತ್ರಿ ಇಲ್ಲಿ ಯಾರಿರುತ್ತಾರೆ ಎಂದು ಕೇಳುವುದು ಹೊಳೆಯಲೇ ಇಲ್ಲ. ಅತ್ತ ಶಿವಬಸಮ್ಮ, ಪಾಳಿ ಮುಗಿಸಿ ಮನೆಗೆ ಹೊರಟಿದ್ದ ಆಯಾ ಪಾರಮ್ಮನ ಸೀರೆಯ ಅಂಚು ಹಿಡಿದು ಎಳೆ ಕೀಳುತ್ತ ಕೂತಿದ್ದಳು. ಪಾರಮ್ಮ ಬಿಡಿಸಿಕೊಳ್ಳದೆ ನಿಂತೇ ಇದ್ದಳು.

"ಮಾಲು ಚಲೋ ಇಲ್ಲ," ಎಂದಳು ಶಿವಬಸಮ್ಮ.

"ಹಳೇ ಮಾಲವ್ವಾ," ಎಂದು ಪಾರಮ್ಮ ನಕ್ಕಳು.

* * *

ಮಡಿಸೀರೆ ಉಡಿಸಿ, ಹಣೆಗೆ, ತೋಳಿಗೆ ವಿಭೂತಿ ಹಚ್ಚಿ, ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದರು. ಅವರಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದು. ಕೊಟ್ಟೂರಪ್ಪ ಗೋಡೆಗೆ ಗೂಟ ಬಡಿದು, ಅಕ್ಕ ವಾಲದಂತೆ ಬಿಳಿ ಬಟ್ಟೆಯಿಂದ ಎದೆಯ ಸುತ್ತ ಕಟ್ಟತೊಡಗಿದ.

"ಮಾವಾ, ಕಟ್ಟಬ್ಯಾಡ್ರಿ," ಎಂದಳು ರೇಣುಕಾ.

"ಕಟ್ಟದಿದ್ರ ಹೆಂಗ ಕುಂದ್ರತಾಳವ್ವಾ?" ಎಂದ ಅವನು ಮೆಲ್ಲಗೆ. "ಇದು ಬ್ಯಾರೆ ಕಟ್ಟಾದು."

ಬಾಗಿಲಲ್ಲಿ ಚಪ್ಪಲಿ ಕಳಚಿಟ್ಟು ಒಬ್ಬ ಹೆಂಗಸು ನಿಂತಿದ್ದಳು. ರಾತ್ರಿಯ ಪಾಳಿ ಮುಗಿಸಿ ಬಸ್ಸು ಹಿಡಿದು ಬಂದ ಪಾರಮ್ಮ. ಕಣ್ಣು ಕೆಂಪಗಿದ್ದವು. ಇವಳು ಆಶ್ರಮದವಳೆಂದು ತಿಳಿದದ್ದೇ ತಡ, ವೀರಭದ್ರಮ್ಮ ಎದ್ದು ಎದುರಿಗೆ ಹೋದಳು.

"ಬಾರವ್ವಾ ಬಾ. ನಮ್ಮಕ್ಕನ ಕೈ ಕಟ್ಟಿ ಹಾಕಿದೋರು ಯಾರು, ಅಷ್ಟು ಹೇಳಿ ಹೋಗು."

"ನಾನ ಕಟ್ಟಿದ್ದು," ಎಂದಳು ಪಾರಮ್ಮ.

ರೇಣುಕಾ ಅವಳ ಮುಂದೆ ಬಂದು ನಿಂತಳು.

"ಯಾಕ ಪಾರಮ್ಮ?"

"ರಾತ್ರಿ ಆ ಇಡೀ ವಾರ್ಡಿಗೆ ನಾನೊಬ್ಬಾಕಿ, ಅಕ್ಕಾರ. ಎದ್ದು ಹೋಗೋರನ್ನ ಮಂಚದ ಕಂಬಿಗೆ ಕಟ್ಟಂತ ಮ್ಯಾನೇಜರ್ ಹೇಳ್ಯಾನ. ಮೊದಲು ಅವ್ವನ್ನೂ ಹಂಗ ಕಟ್ಟಿದ್ದೆ. ಮಾಲು ಮುಟ್ಟಸಬೇಕು, ಬಿಡ್ರೆವ್ವಾ ಅಂತ ಬೆಳಗಾಗೋತನ ಅತ್ತಳು. ಕೇಳಾಕ ಆಗಲಿಲ್ಲ." ಪಾರಮ್ಮ ತನ್ನ ಬಲಗೈಯ ಬಳೆಗಳನ್ನು ಮೇಲೆ ಸರಿಸಿದಳು. ಅಲ್ಲಿಯೂ ಅಂಥದೇ ಕಪ್ಪು ಗೆರೆ ಇತ್ತು. "ಆಮ್ಯಾಲೆ ಅಕಿ ಮಂಚದ ಬಾಜೂಕ ಚಾಪಿ ಹಾಸಿ, ನನ್ನ ಕೈಗೇ ಕಟ್ಕೊಂಡು ಮಲಗಿದೆ. ಅಕಿ ಎದ್ರ ನನಗ ಎಚ್ಚರ ಆಗ್ತಿತ್ತು. ವರಾಂಡದಾಗ ನಾಕ ಹೆಜ್ಜಿ ಅಡ್ಡಾಡಿಸಿ, ಮಾಲು ಮುಟ್ಟಿತು ಬಾ ಅಂದ್ರ ಬರ್ತಿದ್ಲು."

"ಉಳದೋರು?" ಎಂದು ಕೇಳಿದಳು ರೇಣುಕಾ.

ಪಾರಮ್ಮ ತಲೆ ತಗ್ಗಿಸಿದಳು. "ಉಳದೋರು ಮಂಚಕ್ಕ ಅದಾರ. ನನಗಿರಾದು ಎರಡ ಕೈ."

"ನನಗ ಒಂದು ಮಾತು ಹೇಳಬೇಕಿತ್ತು."

"ನೀವು ಹಗಲಿನ್ಯಾಗ ಬರ್ತಿದ್ರಿ ಅಕ್ಕಾರ. ನಂದು ರಾತ್ರಿ ಪಾಳಿ."

ಬೈಯುವ ಹಕ್ಕು ತನಗಿದೆಯೋ ಇಲ್ಲವೋ ರೇಣುಕಾಳಿಗೆ ತಿಳಿಯಲಿಲ್ಲ. ತಾನು ನೋಡಿ ಒಪ್ಪಿದ ಹೊಳೆಯುವ ಟೈಲ್ಸು ನೆನಪಾಯಿತು. ಅವಳು ಪಾರಮ್ಮನ ಕೈ ಹಿಡಿದು ಒಳಗೆ ಕರೆತಂದು ಅವ್ವನ ಪಕ್ಕದಲ್ಲಿ ಕೂರಿಸಿದಳು. ವೀರಭದ್ರಮ್ಮ ಸರಿದು ಜಾಗ ಬಿಟ್ಟಳು.

ಅಯ್ಯನವರು ಬಂದರು. ಮಂತ್ರ ಹೇಳಿ, ಶಿವಬಸಮ್ಮನ ಕೊರಳಿನ ಲಿಂಗವನ್ನು ಬಿಚ್ಚಿ ಅವಳ ಎಡ ಅಂಗೈಯ ಮೇಲಿಟ್ಟರು. ಕೈ ನಿಲ್ಲಲಿಲ್ಲ. ಸೆಟೆದ ಮಣಿಕಟ್ಟು ಹೊರಳಿ ಲಿಂಗ ಮಡಿಲಿಗೆ ಜಾರಿತು. ಕೊಟ್ಟೂರಪ್ಪ ಎತ್ತಿಟ್ಟ. ಮತ್ತೆ ಜಾರಿತು.

"ಕೈಗೊಂದು ಕಟ್ಟು ಹಾಕಬೇಕು," ಎಂದರು ಅಯ್ಯನವರು. "ಮೆತ್ತನ್ನ ಅರಿವಿ ಇದ್ರ ನೋಡ್ರಿ."

ಹೊಸ ಬಟ್ಟೆಯೆಲ್ಲ ಗಂಜಿಯಿಂದ ಬಿರುಸಾಗಿತ್ತು. ಪಾರಮ್ಮ ಹಿಂಜರಿಯುತ್ತ ಸೊಂಟದ ಚೀಲಕ್ಕೆ ಕೈ ಹಾಕಿ ಒಂದು ಬಟ್ಟೆಪಟ್ಟಿಯನ್ನು ತೆಗೆದಳು. ಅವಳದೇ ಹಳೆಯ ಸೀರೆಯ ಅಂಚು. ಒಂದು ಬದಿಯುದ್ದಕ್ಕೂ ಯಾರೋ ಎಳೆ ಎಳೆಯಾಗಿ ಬಿಡಿಸಿದ್ದರು. ಎಡಗೈ ಕಟ್ಟಿಸಿಕೊಂಡು ಬಲಗೈಯಿಂದ, ಕತ್ತಲೆಯಲ್ಲಿ, ಬೆರಳಿನ ಅಂದಾಜಿನಿಂದಲೇ ಮಾಡಿದ ಕೆಲಸ. ರೇಣುಕಾ ಕೂಡಲೇ ಗುರುತು ಹಿಡಿದಳು.

"ಇದನ್ನ ಇನ್ನೊಬ್ಬರಿಗೆ ಕಟ್ಟಾಕ ಮನಸಾಗಲಿಲ್ಲ," ಎಂದಳು ಪಾರಮ್ಮ.

"ಕಂಡೋರು ಉಟ್ಟ ಸೀರಿ ಅರಿವಿ, ಲಿಂಗದ ಕೈಗೆ?" ಎಂದು ಹಿಂದಿನಿಂದ ಯಾರೋ ಗೊಣಗಿದರು.

ವೀರಭದ್ರಮ್ಮ ತಿರುಗಿ ಅವರನ್ನು ನೋಡಿದಳು. ಆಮೇಲೆ ತಾನೇ ಅಕ್ಕನ ಕೈಯನ್ನು ಎತ್ತಿ, ಅಂಗೈ ಮೇಲಾಗಿ ಹಿಡಿದು, "ಕಟ್ಟು ರೇಣುಕಾ," ಎಂದಳು.

ರೇಣುಕಾ ಪಟ್ಟಿಯನ್ನು ಆ ಕಪ್ಪು ಗೆರೆಯ ಮೇಲೆಯೇ ಸುತ್ತಿ ಗಂಟು ಹಾಕಿದಳು. ಕೈ ನಿಂತಿತು, ಲಿಂಗವೂ ನಿಂತಿತು. ಕೊಟ್ಟೂರಪ್ಪ ಕತ್ತರಿ ತಂದು, ಗಂಟಿನಿಂದ ಇಳಿಬಿದ್ದಿದ್ದ ದಾರಗಳನ್ನು ಕತ್ತರಿಸಲು ಬಗ್ಗಿದ.

"ಇರಲಿ ಬಿಡ್ರಿ ಮಾವಾ," ಎಂದಳು ರೇಣುಕಾ.

ಹೊರಗೆ ಭಜನೆಯವರು ತಾಳ ತಟ್ಟಿದರು. ನಾಲ್ಕು ಜನ ಎತ್ತಿದಾಗ ಶಿವಬಸಮ್ಮ ಸ್ವಲ್ಪ ಮುಂದಕ್ಕೆ ವಾಲಿದಳು. ಎಡಗೈಯಿಂದ ಜೋತುಬಿದ್ದ ಎಳೆಗಳು, ಯಾರೂ ಕತ್ತರಿಸದ ಎಳೆಗಳು, ಬಾಗಿಲ ಗಾಳಿಗೆ ಅಲುಗುತ್ತಿದ್ದವು.