ಎದುರಿನ ಸಲೂನಿಗೆ ಬೀಗ ಬೇಕೇ?

ನಮ್ಮ ಬೀದಿಯ ಸಲೂನಣ್ಣನಿಗೆ ಎರಡು ಸಿಟ್ಟು. ಎದುರುಗಡೆಯೇ ಹೊಸ ಸಲೂನ್ ಬರುತ್ತಿದೆ ಎನ್ನುವುದು ಒಂದು. ನಗರಸಭೆಯ ಆರೋಗ್ಯ ಇನ್‌ಸ್ಪೆಕ್ಟರ್ ಬಂದು, ಪ್ರತಿ ಗಿರಾಕಿಗೂ ಹೊಸ ಬ್ಲೇಡ್ ಹಾಕಲೇಬೇಕು ಎಂದು ತಾಕೀತು ಮಾಡಿದ್ದು ಇನ್ನೊಂದು. ಎರಡಕ್ಕೂ ಸೇರಿಸಿ ಒಂದೇ ಅರ್ಜಿ ಗೀಚಿದ್ದ. ಸಂಜೆ ವಾರ್ಡ್ ಸಭೆಯಲ್ಲಿ ಕೊಡಬೇಕು.

ಮಧ್ಯಾಹ್ನ ಅಂಗಡಿ ಖಾಲಿ. ಹೆಂಡತಿಯ ತಂಗಿ ಬಂದಳು. ಆರೋಗ್ಯ ಕೇಂದ್ರದಲ್ಲಿ ನರ್ಸ್ ಅವಳು. ತಿರುಗೋ ಕುರ್ಚಿಯಲ್ಲಿ ಕೂತು ಅರ್ಜಿ ಓದಿದಳು.

“ಏನ್ ಭಾವ ಇದು? ಬ್ಲೇಡ್ ವಿಷಯಕ್ಕೆ ಸರ್ಕಾರ ತಲೆ ಹಾಕಬಾರದು, ಎದುರಿನ ಅಂಗಡಿಗೆ ಮಾತ್ರ ಸರ್ಕಾರವೇ ಬಂದು ಬೀಗ ಜಡೀಬೇಕಾ?”

“ಮತ್ತೆ? ಅಂಗಡಿ ನನ್ನದು, ಬ್ಲೇಡ್ ನನ್ನದು.”

“ಕೆನ್ನೆ ನಿಮ್ಮದಲ್ವಲ್ಲ!”

ಸಲೂನಣ್ಣನಿಗೆ ನಗು ಬಂತು. ಆದರೂ ಪಟ್ಟು ಬಿಡಲಿಲ್ಲ. “ಬಿಸಿನೀರಲ್ಲಿ ತೊಳೀತೀನಮ್ಮಾ.”

“ರಕ್ತದಿಂದ ಹರಡೋ ಕಾಮಾಲೆ ಅದಕ್ಕೆಲ್ಲ ಬಗ್ಗಲ್ಲ. ಗಿರಾಕಿ ಕಣ್ಣಿಗೂ ಕಾಣಲ್ಲ. ಅದನ್ನ ನೋಡ್ಕೊಳ್ಳೋಕೆ ಸರ್ಕಾರ ಬೇಕು. ಕಟಿಂಗ್ ಚೆನ್ನಾಗಿದ್ಯಾ ಅಂತ ಅವನೇ ಕನ್ನಡೀಲಿ ನೋಡ್ಕೋತಾನೆ. ಅದಕ್ಯಾಕೆ ಸರ್ಕಾರ?”

“ಇಪ್ಪತ್ತು ವರ್ಷದಿಂದ ಇಲ್ಲಿದೀನಿ. ನನ್ನ ಹೊಟ್ಟೆ ಮೇಲೆ ಹೊಡೀತಾನಲ್ಲೇ ಅವನು!” ಪಾಪ, ಅವನ ಭಯವೇನೂ ಸುಳ್ಳಲ್ಲ.

“ಅರ್ಥ ಆಗುತ್ತೆ ಭಾವ. ಆದ್ರೆ ಏನು ಬರೆದಿದೀರ ನೋಡಿ. ಒಂದು ಸಲೂನೋ ಪಾರ್ಲರೋ ಇದ್ರೆ ಅರ್ಧ ಕಿಲೋಮೀಟರ್ ಒಳಗೆ ಇನ್ನೊಂದು ಬರಬಾರದು, ಇಡೀ ಊರಿಗೇ ಈ ಕಾನೂನು ಆಗಬೇಕು ಅಂತ!”

“ನನಗೊಬ್ಬನಿಗೇ ಕೇಳಿದ್ರೆ ಸ್ವಾರ್ಥಿ ಅಂತಾರಲ್ಲ, ಅದಕ್ಕೆ.”

“ಸರಿ. ಮುಂದಿನ ತಿಂಗಳು ನಿಮ್ಮ ಮಗಳು ಎಲ್ಲಿ ಪಾರ್ಲರ್ ತೆಗೀತಿದಾಳೆ?”

“ಬಸ್ ಸ್ಟ್ಯಾಂಡ್ ಹತ್ರ...” ಎಂದವನು ಅರ್ಜಿಯತ್ತ ನೋಡಿದ. ಅಲ್ಲಿ ಆಗಲೇ ಎರಡು ಪಾರ್ಲರ್ ಇವೆ. ಹಗಲೂ ರಾತ್ರಿ ಕೆಲಸ ಕಲಿತ ಮಗಳ ಅನ್ನಕ್ಕೆ ಅಪ್ಪನೇ ಕಲ್ಲು ಹಾಕಲು ಹೊರಟಿದ್ದ.

“ಹಾಗಾದ್ರೆ ಸರ್ಕಾರವೇ ಬೇಡ ಅಂತೀಯಾ?”

“ಯಾರಂದ್ರು? ಅಂಗಡಿ ಮುಂದಿನ ಮೋರಿ ಬಾಯಿ ಬಿಟ್ಕೊಂಡು ಆರು ತಿಂಗಳಾಯ್ತು. ನೀವೊಬ್ಬರೇ ರಿಪೇರಿ ಮಾಡೋಕಾಗುತ್ತಾ? ನಾಳೆ ಯಾರೋ ಬಂದು ನಿಮ್ಮ ಗಾಜು ಒಡೆದ್ರೆ ಪೊಲೀಸ್ ಬೇಡ್ವಾ? ಅಲ್ಲೆಲ್ಲ ಪಟ್ಟು ಹಿಡಿದು ಕೇಳಿ. ಯಾರು ಅಂಗಡಿ ತೆಗೀಬಹುದು ಅನ್ನೋದನ್ನ ಮಾತ್ರ ಅವರ ಕೈಗೆ ಕೊಡಬೇಡಿ.”

ಸಲೂನಣ್ಣ ಅರ್ಜಿಯನ್ನು ಹರಿದು ಹೊಸದು ಬರೆದ. ಬ್ಲೇಡಿನ ನಿಯಮ ಎಲ್ಲ ಸಲೂನಿಗೂ ಒಂದೇ ಥರ ಇರಲಿ, ಮೋರಿ ಕೂಡಲೇ ಮುಚ್ಚಿಸಿ, ಇಷ್ಟೇ. ಸಂಜೆ ಸಭೆಯಲ್ಲಿ ಸಹಿ ಹಾಕುವವರು ಯಾರು ಎಂದು ಕೇಳಿದಾಗ ಮೊದಲು ಎದ್ದು ಬಂದವನು ಎದುರಿನ ಸಲೂನಿನವನೇ. ಸಲೂನಣ್ಣ ಅರೆಗಳಿಗೆ ಅವನ ಮುಖ ನೋಡಿದ. ಆಮೇಲೆ ತನ್ನ ಪೆನ್ನನ್ನೇ ಕೊಟ್ಟ.

ಓದುವವರೇ, ನಿಮ್ಮ ವಾರ್ಡ್ ಸಭೆಗೂ ತಪ್ಪದೆ ಹೋಗಿ. ಒಬ್ಬರಿಂದ ಇನ್ನೊಬ್ಬರಿಗೆ ಕೇಡಾಗುವ ಕಡೆ, ಒಬ್ಬರ ಕೈಲಿ ಆಗದ ಕೆಲಸದ ಕಡೆ, ಸರ್ಕಾರವನ್ನು ಬಿಡದೆ ಕೇಳಿ. ಆದರೆ ಪಕ್ಕದವರಿಗೆ ಬೀಗ ಹಾಕಿ ಎನ್ನುವ ಮುಂಚೆ ಒಂದು ಸಲ ನಿಮ್ಮ ಮಕ್ಕಳ ಮುಖ ನೆನಪಿಸಿಕೊಳ್ಳಿ.